ಎರಡು ಹೋಳಿನ ಕೋಶಕೇಂದ್ರ

"ಸತ್ತವರ ಬಾಯಾಗ ಸೆರೆ ವಾಸನಿ ಇತ್ತಂತ ಆಸ್ಪತ್ರಿ ಕಾಗದದಾಗ ಬರದಾರ್ರೀ! ಒಂದು ದಿನ ಹೆಂಡ ಮುಟ್ಟಿದವರಲ್ಲ ನಮ್ಮ ಮನಿಯವರು!"

ಕಮಲಾಪುರದ ಮಲ್ಕಮ್ಮ ಕಲಬುರಗಿಯ ಬ್ರಹ್ಮಪುರದಲ್ಲಿ ಡಾಕ್ಟರ್ ಕಸ್ತೂರಿಬಾಯಿಯವರ ಪಡಸಾಲೆಯಲ್ಲಿ ನಿಂತೇ ಮಾತಾಡಿದಳು. ಕೂಡು ಎಂದರೂ ಕೂಡಲಿಲ್ಲ. ಕೆಂಪು ಬಾಳೆಗೊನೆ ಗಾಡಿಗೆ ಹೇರುತ್ತಿದ್ದ ಅವಳ ಗಂಡ ಕಾಶಿರಾಯನನ್ನು ಸಿರಿವಂತರ ಮಗ ಯಶವಂತನ ಕಾರು ಹೊಡೆದು ಕೊಂದಿತ್ತು. ಯಶವಂತ ಕುಡಿದು ತೂರಾಡುತ್ತಿದ್ದುದನ್ನು ಊರೇ ಕಂಡಿತ್ತು. ಆದರೆ ಕಲಬುರಗಿಯ ಆಸ್ಪತ್ರೆಯಲ್ಲಿ ತೆಗೆದ ಅವನ ರಕ್ತದಲ್ಲಿ ಮದ್ಯದ ಸುಳಿವೇ ಇರಲಿಲ್ಲ. ರಕ್ತ ಬದಲಿಸಿದನೆಂಬ ಅನುಮಾನದ ಮೇಲೆ, ಅದನ್ನು ತೆಗೆದ ಆಸ್ಪತ್ರೆಯ ನೌಕರ ಜಾವೀದ್‌ನನ್ನು ಪೊಲೀಸರು ಠಾಣೆಯಲ್ಲಿ ಹಿಡಿದು ಕೂರಿಸಿದ್ದರು.

ಡಾಕ್ಟರ್ ಕಸ್ತೂರಿಬಾಯಿ ರಕ್ತಪರೀಕ್ಷೆಯಲ್ಲೇ ತಲೆ ನರೆಸಿಕೊಂಡವರು. ನಿವೃತ್ತರಾದ ಮೇಲೆ ಪೊಲೀಸರಿಗೆ ಬಿಡಿಸಲಾಗದ ಗಂಟುಗಳು ಅವರ ಮನೆಗೇ ಬರುತ್ತಿದ್ದವು. ಸದಾ ಅವರ ಜೊತೆಗಿರುವ ಸಹಾಯಕ ಮೌನೇಶನಿಗೆ ಮೈಯೆಲ್ಲ ಉರಿಯಿತು. ಸತ್ತವನು ಎದ್ದು ಬಂದು ಅಲ್ಲ ಎನ್ನಲಾರ ಎಂಬ ಧೈರ್ಯವಲ್ಲವೇ ಇದು!

ರಕ್ತದ ಶೀಷೆ ಪರೀಕ್ಷೆಯಲ್ಲೇ ಖಾಲಿಯಾಗಿತ್ತು. ಉಳಿದದ್ದು ಗಾಜಿನ ಸ್ಲೈಡಿಗೆ ಹಚ್ಚಿದ್ದ ಒಂದು ಹನಿ.

"ಶೀಷೆ ಮೇಜಿನ ಮ್ಯಾಲ ಇಟ್ಟು ಇನ್ನೊಬ್ಬ ರೋಗಿ ಕಡಿ ಹೋಗಿದ್ದೆ," ಎಂದ ಠಾಣೆಯಲ್ಲಿದ್ದ ಜಾವೀದ್. "ಒಳಗ ಯಶವಂತ, ಅವರಪ್ಪ ದೌಲಪ್ಪ, ಡಾಕ್ಟರ್ ವಿವೇಕಾನಂದ ಇದ್ರು. ತಿರುಗಿ ಬಂದು ಅದೇ ಶೀಷೆದಾಗಿಂದ ಹನಿ ಹಚ್ಚೀನ್ರಿ."

ದೌಲಪ್ಪ ಆಸ್ಪತ್ರೆಯ ಮಂಡಳಿಗೆ ಅಧ್ಯಕ್ಷ. ಆಸ್ಪತ್ರೆಗೆ ಹೋಗಿ ಸ್ಲೈಡ್ ಕೇಳಿದಾಗ ವಿವೇಕಾನಂದ ನಕ್ಕುಬಿಟ್ಟ. "ಸ್ಲೈಡಿನಾಗ ಏನ್ ಸಿಗ್ತದ್ರಿ ಬಾಯಾರ? ನನ್ನ ಸ್ಲೈಡ್ ನೋಡಿ ಒಬ್ಬಾಂವ ಕ್ಯಾನ್ಸರ್ ಅಂದಿದ್ದ. ನಮ್ಮಪ್ಪಗೂ ಹಂಗ ಅಂದಿದ್ರು. ಇಬ್ರೂ ಗಟ್ಟಿಮುಟ್ಟ ಅದೀವಿ!"

ಕಸ್ತೂರಿಬಾಯಿ ಸೂಕ್ಷ್ಮದರ್ಶಕದಿಂದ ಬಹಳ ಹೊತ್ತು ಕಣ್ಣು ಕೀಳಲಿಲ್ಲ. ಆಮೇಲೆ ಇನ್ಸ್‌ಪೆಕ್ಟರಿಗೆ, "ಎಲ್ಲಾರನೂ ಠಾಣೆಕ್ಕ ಕರಸ್ರಿ," ಎಂದರು.

ಠಾಣೆಯಲ್ಲಿ ಎಲ್ಲರ ಬೆರಳಿನಿಂದಲೂ ಒಂದೊಂದು ಹನಿ ತೆಗೆದು ನೋಡಿದರು. ಮಲ್ಕಮ್ಮ ಗೋಡೆಗೆ ಒರಗಿ ನಿಂತಿದ್ದಳು.

"ನಮ್ಮ ಬಿಳಿ ರಕ್ತಕಣದ ನಡುವ ಕೋಶಕೇಂದ್ರ ಇರತದ," ಕಸ್ತೂರಿಬಾಯಿ ಶುರುಮಾಡಿದರು. "ಅದರೊಳಗ ಜೀನಿನ ಎಳಿ ಸುತ್ತಿ ಮಡಚಿಟ್ಟ ಕ್ರೊಮ್ಯಾಟಿನ್. ಅದನ್ನ ಕೇಂದ್ರದ ಗೋಡಿಗೆ ಹಿಡದಿಡೋ ಪ್ರೋಟೀನ್ ಕೆಲವರಿಗೆ ಹುಟ್ಟಿನಿಂದನ ಕಡಿಮಿ. ಎಲ್ಲಾರಿಗೂ ಮೂರು ನಾಕು ಹೋಳಾಗೋ ಕೇಂದ್ರ ಅವರಿಗೆ ಎರಡರಾಗ ನಿಲ್ಲತದ, ಕ್ರೊಮ್ಯಾಟಿನ್ ಹೆಪ್ಪಾಗಿ ಕಾಣತದ. ಆದರೂ ಬೇಕಾದ ಜೀನುಗಳು ತಮ್ಮ ಕೆಲಸ ಮಾಡತಾವ, ಮನಷ್ಯಾ ಆರೋಗ್ಯದಿಂದಿರತಾನ. ನೋಡಿದವರು ಕ್ಯಾನ್ಸರ್ ಅಂತ ಹೆದರತಾರ. ತಂದಿ ಇಲ್ಲಾ ತಾಯಿಂದ ಮಕ್ಕಳಿಗೆ ಬರೋ ಆಕಾರ ಅದು."

ಅವರು ವಿವೇಕಾನಂದನತ್ತ ತಿರುಗಿದರು.

"ಆಸ್ಪತ್ರಿ ಸ್ಲೈಡಿನಾಗ ಎಲ್ಲಾ ಎರಡೇ ಹೋಳು. ಯಶವಂತಂದು, ದೌಲಪ್ಪಂದು, ಜಾವೀದಂದು ಎಲ್ಲಾರಂಗ ಅದಾವ. ಎರಡು ಹೋಳು ಇರೋದು ನಿಮ್ಮ ಒಬ್ಬರ ರಕ್ತದಾಗ, ಡಾಕ್ಟರ್. ನಿಮಗೂ ನಿಮ್ಮಪ್ಪಗೂ ಕ್ಯಾನ್ಸರ್ ಅಂದಿದ್ದು ಇದಕ್ಕ. ಜಾವೀದ್ ಆಕಡಿ ಹೋದಾಗ ಯಶವಂತನ ರಕ್ತ ಚೆಲ್ಲಿ ಶೀಷೆದಾಗ ನಿಮ್ಮ ರಕ್ತ ತುಂಬಿಟ್ರಿ. ಕಾಶಿರಾಯನ ಶವ ನೋಡಿ ಸೆರೆ ವಾಸನಿ ಅಂತ ಬರದಾವ್ರೂ ನೀವ!"

"ದೌಲಪ್ಪನವರು ನೌಕರಿ ತಗೀತೀನಿ ಅಂದ್ರು..." ವಿವೇಕಾನಂದ ತೊದಲಿದ.

ಮೌನೇಶ ಮುಷ್ಟಿ ಬಿಗಿದ. ಒಂದು ನೌಕರಿಗಾಗಿ ಒಬ್ಬನ ಸಾವಿಗೆ ಸಿಗಬೇಕಾದ ನ್ಯಾಯ, ಅವನ ಮರ್ಯಾದೆ, ಒಬ್ಬ ಬಡಪಾಯಿಯ ಬದುಕು! ಇನ್ಸ್‌ಪೆಕ್ಟರ್ ಜಾವೀದ್‌ನನ್ನು ಬಿಟ್ಟು ಉಳಿದ ಮೂವರನ್ನು ವಶಕ್ಕೆ ತೆಗೆದುಕೊಂಡ.

"ಅವ್ವಾ, ತಪ್ಪಾತು, ಕ್ಷಮಾ ಮಾಡ್ರಿ," ವಿವೇಕಾನಂದ ಮಲ್ಕಮ್ಮನತ್ತ ಕೈಮುಗಿದ.

ಮಲ್ಕಮ್ಮ ಗೋಡೆ ಬಿಟ್ಟು ಮುಂದೆ ಬಂದಳು. "ಈ ನಾಕು ಗ್ವಾಡಿ ಒಳಗ ನನಗ್ಯಾಕ ಕೈ ಮುಗೀತೀರಿ? ಕಮಲಾಪುರದ ಬಜಾರದಾಗ ನಿಂತು ಹೇಳ್ರಿ, ಕಾಶಿರಾಯ ಕುಡದಿರಲಿಲ್ಲಂತ. ನನ್ನ ಮಕ್ಕಳು ಕೇಳ್ಬೇಕು."