ಮುನ್ನೂರ ಎರಡು ರಿಪೇರಿಯಲ್ಲಿದೆ

"ಈ ಹೆಸರಲ್ಲಿ ಯಾವ ಬುಕಿಂಗೂ ಇಲ್ಲ."

ಕೌಂಟರಿನ ಹಿಂದೆ ಕೂತಿದ್ದ ಮ್ಯಾನೇಜರಮ್ಮ ಕಂಪ್ಯೂಟರಿನಿಂದ ಕಣ್ಣು ಕೂಡ ಎತ್ತದೆ ಹೇಳಿದರು.

ಎದುರು ನಿಂತಿದ್ದ ಅವಳಿಗೆ ಮೊದಲು ನಗು ಬಂತು. ಮೂರು ವಾರ ಕೂತು ಯೋಚಿಸಿ, ಅಳೆದು ಸುರಿದು ಗೊತ್ತು ಮಾಡಿದ ರೂಮು. ಇಲ್ಲ ಅಂದರೆ ಏನರ್ಥ?

"ಮುನ್ನೂರ ಎರಡು ಮೇಡಂ... ಸಮುದ್ರದ ಕಡೆ ಕಿಟಕಿ ಇರೋದು. ಎರಡು ದಿನಕ್ಕೆ. ಇನ್ನೊಂದು ಸಲ ನೋಡಿ, ಪ್ಲೀಸ್."

"ಮುನ್ನೂರ ಎರಡಾ?" ಮ್ಯಾನೇಜರಮ್ಮ ಈಗ ತಲೆ ಎತ್ತಿದರು. "ಅದು ನಾಲ್ಕು ದಿನದಿಂದ ರಿಪೇರಿಯಲ್ಲಿದೆ. ಬಾತ್‌ರೂಮು ಸೋರ್ತಿದೆ, ಯಾರಿಗೂ ಕೊಡ್ತಿಲ್ಲ. ಮಿಕ್ಕ ರೂಮುಗಳೆಲ್ಲ ವಾಲಿಬಾಲ್ ಟೀಮಿನವರಿಗೆ ಹೋಗಿದೆ."

ನಗು ಅಲ್ಲೇ ನಿಂತಿತು.

"ಆದ್ರೆ ನಿಮ್ಮ ರಿಸೆಪ್ಷನಿಸ್ಟು ನಿನ್ನೆ ಬೆಳಿಗ್ಗೆ ಕೂಡ ಹೇಳಿದ್ರು... ರೂಮು ರೆಡಿ ಇದೆ ಅಂತ!"

"ಹೇಳಿದ್ನಾ? ಹೇಳ್ತಾನೆ. ಮಾತಾಡೋದೇ ಅಲ್ವಾ ಅವನ ಕೆಲಸ! ಊಟಕ್ಕೆ ಹೋಗಿ ಬರ್ತೀನಿ ಅಂತ ಹೋದೋನು ಇನ್ನೂ ಪತ್ತೆ ಇಲ್ಲ. ಫೋನೂ ಇಲ್ಲೇ ಚಾರ್ಜಿಗೆ ಹಾಕಿ ಹೋಗಿದ್ದಾನೆ."

ಅವಳು ಕೌಂಟರಿನ ಅಂಚು ಹಿಡಿದುಕೊಂಡಳು.

*ಇಲ್ಲ... ಮತ್ತೆ ಹಾಗಾಗಲ್ಲ. ಇವರು ಅಂಥವರಲ್ಲ...*

ಹಿಂದೆ ತಿರುಗಿ ನೋಡಿದಳು. ಅಮ್ಮ ಗೋಡೆ ಹಿಡಿದು, ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತ ನಿಂತಿದ್ದಳು. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲುಗಳವು. ಎರಡೂ ಮಂಡಿಗೆ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು.

"ಏನಂತೆ ಪುಟ್ಟಿ?"

"ಏನಿಲ್ಲಮ್ಮ... ಸ್ವಲ್ಪ ಹೊತ್ತು ಕೂತ್ಕೋ."

ಹರಿದ ರೆಕ್ಸಿನ್ ಸೋಫಾದ ಮೇಲೆ ಅಮ್ಮನನ್ನು ಮೆಲ್ಲಗೆ ಕೂರಿಸಿದಳು. ಸೋಫಾ ತೀರಾ ತಗ್ಗು. ಕೂರುವಾಗ ಅಮ್ಮ ಹಲ್ಲು ಕಚ್ಚಿಕೊಂಡದ್ದು ಅವಳಿಗೆ ಕಂಡಿತು.

ಅಮ್ಮನದು ಒಂದೇ ಆಸೆ. "ಸಮುದ್ರ ನೋಡ್ಬೇಕು ಕಣೇ. ಆದ್ರೆ ಮರಳಲ್ಲಿ ನಡೆಯೋಕೆ ನನ್ನ ಕೈಲಾಗಲ್ಲ. ಮಲ್ಕೊಂಡೇ ನೋಡೋ ಹಾಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು!"

ಮಲಗಿ ನೋಡುವಂಥ ಸಮುದ್ರ ದೊಡ್ಡ ಹೋಟೆಲುಗಳಲ್ಲಿ ಬೇಕಾದಷ್ಟಿದೆ. ಆದರೆ ಅವು ಅವಳ ಕೈಗೆಟುಕುವಂಥವಲ್ಲ. ಈ ಮಹಾನಗರದ ಅಗ್ಗದ ಹೋಟೆಲುಗಳ ಪೈಕಿ ಲಿಫ್ಟೂ ಇದ್ದು, ಸಮುದ್ರದ ಕಡೆ ಕಿಟಕಿಯೂ ಇದ್ದದ್ದು ಇದೊಂದೇ.

ಅವಳು ಆಸ್ಪತ್ರೆಯೊಂದರಲ್ಲಿ ಆಪರೇಷನ್‌ಗಳ ಪಟ್ಟಿ ಮಾಡುವವಳು. ಯಾವ ರೋಗಿ ಎಷ್ಟು ಗಂಟೆಗೆ, ಯಾವ ಡಾಕ್ಟರು, ಯಾವ ಟೇಬಲ್ಲು ಅನ್ನುವುದೆಲ್ಲ ಅವಳ ಕೈಯಲ್ಲಿ. ಅಂಥವಳು ಪ್ರವಾಸಕ್ಕೆ ಹೊರಟರೆ ಸುಮ್ಮನಿರುತ್ತಾಳೆಯೇ? ಮೂರು ವಾರದ ಹಿಂದೆ ಹೋಟೆಲಿನ ಲ್ಯಾಂಡ್‌ಲೈನಿಗೆ ಫೋನು ಹಚ್ಚಿದಳು, ಎತ್ತಿದ್ದು ಆ ರಿಸೆಪ್ಷನಿಸ್ಟು.

"ಬಾಗಿಲಿಂದ ಲಿಫ್ಟಿಗೆ ಎಷ್ಟು ಮೆಟ್ಟಿಲು?"

"ಎರಡು ಮೇಡಂ."

"ಮಂಚದ ಎತ್ತರ?"

"ಮಂಡಿ ತನಕ ಬರುತ್ತೆ."

"ಯಾರ ಮಂಡಿ?"

 ಆ ಕಡೆಯಿಂದ ಜೋರು ನಗು! "ಹತ್ತು ನಿಮಿಷ ಬಿಟ್ಟು ಮಾಡಿ ಮೇಡಂ. ಟೇಪು ತಗೊಂಡು ಹೋಗಿ ಅಳೆದು ಹೇಳ್ತೀನಿ."

ನಿಜಕ್ಕೂ ಅಳೆದಿದ್ದ. ಹದಿನಾರು ಇಂಚು!

ಅಲ್ಲಿಂದ ಶುರು. ಅವನು ಮಾತಾಡುವಾಗಲೆಲ್ಲ ಕೀಲಿಗೊಂಚಲಿನ ಸದ್ದು ಕೇಳುತ್ತಿತ್ತು, ಅದಕ್ಕೆ ಅವಳು ಮನಸ್ಸಿನಲ್ಲೇ 'ಕೀಲಿಕೈ' ಎಂದು ಹೆಸರಿಟ್ಟಳು. ಅವನಂತೂ ಬಾಯಿಬಿಟ್ಟೇ ಕರೆಯುತ್ತಿದ್ದ, "ಬನ್ನಿ ಪ್ರಶ್ನೆ ಮೇಡಂ, ಇವತ್ತು ಎಷ್ಟನೇದು?"

ಪ್ರಶ್ನೆ ಮುಗಿದ ಮೇಲೂ ಮಾತು ಮುಗಿಯುತ್ತಿರಲಿಲ್ಲ. ಉಪ್ಪುಗಾಳಿಗೆ ಬೀಗಗಳು ತುಕ್ಕು ಹಿಡಿಯುವ ಕಥೆ ಅವನದು, ಕೈ ತೊಳೆಯಲು ಅರ್ಧ ಗಂಟೆ ತೆಗೆದುಕೊಳ್ಳುವ ಡಾಕ್ಟರ ಕಥೆ ಅವಳದು. ಕೇಳಲು ಏನೂ ಉಳಿಯದಿದ್ದಾಗ ಕಿಟಕಿಯ ಪರದೆಯ ಬಣ್ಣ ಕೇಳಿದ್ದಳು. ಪರದೆಯ ಬಣ್ಣ ಕಟ್ಟಿಕೊಂಡು ಅವಳಿಗೇನಾಗಬೇಕಿತ್ತು, ಹೇಳಿ?

"ಬುಕಿಂಗಿಂದು ಚೀಟಿ ಕಳಿಸ್ತೀರಾ?" ಅಂದಾಗ ಅವನು ಹೇಳಿದ್ದ, "ಚೀಟಿ ಯಾಕೆ ಮೇಡಂ? ನಾನಿದ್ದೀನಲ್ಲ! ನಿಮ್ಮ ದಾರಿ ಕಾಯ್ತಾ ಇರ್ತೀವಿ, ಆರಾಮಾಗಿ ಬನ್ನಿ."

ಹಾಲಿನವನಿಂದಲೂ ಸಹಿ ಹಾಕಿಸಿಕೊಳ್ಳುವವಳು ಆ ಒಂದು ಮಾತಿಗೆ ಕರಗಿ ಸುಮ್ಮನಾದಳು. ಆ ರಾತ್ರಿ ದಿಂಬಿಗೆ ಮುಖ ಒತ್ತಿಕೊಂಡು ಅದನ್ನೇ ಹತ್ತು ಸಲ ಹೇಳಿಕೊಂಡಿದ್ದಳು. *ನಿಮ್ಮ ದಾರಿ ಕಾಯ್ತಾ ಇರ್ತೀವಿ...*

ಟ್ರಿಣ್... ಟ್ರಿಣ್...

ಕೌಂಟರಿನ ಫೋನು ಬಡಿದುಕೊಂಡಿತು. ಮ್ಯಾನೇಜರಮ್ಮ ಎತ್ತಿಕೊಂಡರು.

"ಹೌದು ಸರ್, ಡಬಲ್ ರೂಮು... ಮುಂದಿನ ವಾರ ಇದೆ ಸರ್... ಸರಿ. ನಿಮ್ಮ ದಾರಿ ಕಾಯ್ತಾ ಇರ್ತೀವಿ, ಆರಾಮಾಗಿ ಬನ್ನಿ."

ಅವಳು ಗಕ್ಕನೆ ತಲೆ ಎತ್ತಿದಳು.

ಫೋನಿನ ಪಕ್ಕ ಗೋಡೆಗೆ ಹಳದಿ ಬಣ್ಣಕ್ಕೆ ತಿರುಗಿದ ಒಂದು ಕಾರ್ಡು ಅಂಟಿಸಿತ್ತು. ಎದ್ದು ಹತ್ತಿರ ಹೋಗಿ ಓದಿದಳು. 'ಗ್ರಾಹಕರೊಂದಿಗೆ ಮಾತು ಮುಗಿಸುವಾಗ ಹೇಳಬೇಕಾದದ್ದು' ಎಂದು ಮೇಲೆ. ಅದರ ಕೆಳಗೆ, ಒಂದಕ್ಷರವೂ ಬಿಡದೆ, ಅದೇ ಮಾತು!

ಅವಳ ಮುಖ ಕಿವಿಯವರೆಗೆ ಬಿಸಿಯಾಯಿತು. ಹತ್ತು ಸಲ ಹೇಳಿಕೊಂಡ ಮಾತು... ಕಾರ್ಡು ನೋಡಿ ಓದಿದ್ದು! ಅವಳಿಗೆ ಹೇಳಿದ ಹಾಗೆಯೇ ಬಂದವರಿಗೂ ಹೋದವರಿಗೂ ಹೇಳಿದ್ದು!

*ಎಷ್ಟು ಸಲೀಸಾಗಿ ಕಿವಿ ಮೇಲೆ ಹೂವಿಟ್ಟ! ನಾನೂ ಮುಡಿದುಕೊಂಡು ಬಂದೆನಲ್ಲ... ಬುದ್ಧಿ ಇದೆಯಾ ನನಗೆ?*

ಎರಡು ವರ್ಷದ ಹಿಂದೆಯೂ ಒಬ್ಬ ಹೀಗೆಯೇ ಕೈಕೊಟ್ಟಿದ್ದ. ಮದುವೆ ನೋಂದಣಿ ಕಚೇರಿಯ ಬೆಂಚಿನ ಮೇಲೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅವಳು, ಪಕ್ಕದಲ್ಲಿ ಅಮ್ಮ. ಗುಮಾಸ್ತರು ಟೀ ಕುಡಿಯಲು ಹೋಗುವಾಗೊಮ್ಮೆ, ಬರುವಾಗೊಮ್ಮೆ ನೋಡುತ್ತಿದ್ದರು. ಐದಕ್ಕೆ ಮೊಬೈಲಿಗೆ ಒಂದು ಸಾಲು ಬಂತು. ಅವನು ಬರಲಿಲ್ಲ.

ಇನ್ನು ಯಾರ ಮಾತನ್ನೂ ನಂಬುವುದಿಲ್ಲ ಅಂದುಕೊಂಡಿದ್ದಳು. ಮುಖವನ್ನೇ ನೋಡದವನೊಬ್ಬ, ಬರೀ ಒಂದು ದನಿ, ಆ ಹಟ ಮುರಿದು ಈಗ ನಡು ನೀರಿನಲ್ಲಿ ಬಿಟ್ಟಿದ್ದ.

ಸಿಟ್ಟಿನಲ್ಲೇ ಬೇರೆ ನಾಲ್ಕು ಲಾಡ್ಜುಗಳಿಗೆ ಫೋನು ಮಾಡಿದಳು. ಎರಡರಲ್ಲಿ ಜಾಗವಿಲ್ಲ. ಒಂದರಲ್ಲಿ ಲಿಫ್ಟಿಲ್ಲ. ಇನ್ನೊಂದರಲ್ಲಿ ಕಿಟಕಿ ಇದೆಯಂತೆ, ತೆರೆದರೆ ಪಕ್ಕದ ಮನೆಯ ಗೋಡೆಯಂತೆ.

"ಅಮ್ಮ, ಏಳು. ವಾಪಸ್ ಹೋಗೋಣ."

"ಸಮುದ್ರ?"

ಆ ಒಂದು ಶಬ್ದಕ್ಕೆ ಅವಳ ಕಣ್ಣು ತುಂಬಿ ಬಂತು. "ನನ್ನನ್ನ ಏನೂ ಕೇಳಬೇಡಮ್ಮ... ಮೋಸ ಹೋದೆ. ಮತ್ತೆ ಮೋಸ ಹೋದೆ!"

ಅಮ್ಮ ಏಳಲಿಲ್ಲ. ಮಗಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

"ಅದು ಸರಿ. ಆ ಹುಡುಗನಿಗೆ ಎಷ್ಟು ಗಂಟೆಗೆ ಬರ್ತೀವಿ ಅಂತ ಹೇಳಿದ್ದೆ?"

ಅವಳು ಬ್ಯಾಗಿನ ಜಿಪ್ಪು ಎಳೆಯತೊಡಗಿದಳು.

"ಕೇಳ್ತಿರೋದು ನಿನ್ನನ್ನೇ."

"...ಮೂರಕ್ಕೆ."

"ನಾವು ಬಸ್ಸಿಂದ ಇಳಿದದ್ದು?"

"ಎರಡಕ್ಕೆ."

ಅಮ್ಮ ನಿಟ್ಟುಸಿರು ಬಿಟ್ಟಳು. ಮಗಳ ಈ ಚಾಳಿ ಅವಳಿಗೆ ಗೊತ್ತು. ಆ ಬೆಂಚಿನ ದಿನದ ನಂತರ ಶುರುವಾದದ್ದು. ಎಲ್ಲಿಗೆ ಹೋದರೂ, ಯಾರಿಗೇ ಆದರೂ, ಬರುವ ಹೊತ್ತನ್ನು ಒಂದು ಗಂಟೆ ಮುಂದೆ ಹಾಕಿಯೇ ಹೇಳುವುದು. ಮೊದಲೇ ಹೋಗಿ ನಿಂತರೆ ಅಲ್ಲಿ ಯಾರೂ ಇಲ್ಲದಿದ್ದರೂ ನೋವಿಲ್ಲ. ಇನ್ನೂ ಹೊತ್ತಾಗಿಲ್ಲ ಎಂದು ಮನಸ್ಸಿಗೆ ಹೇಳಿಕೊಳ್ಳಬಹುದು.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ! ಬುಕಿಂಗೇ ಇಲ್ಲ ಅಂತಿದ್ದಾರೆ. ರೂಮು ಸೋರ್ತಿದೆ ಅಂತಿದ್ದಾರೆ!"

"ಇರಲಿ. ಮೂರೂವರೆ ತನಕ ನಾನು ಕದಲಲ್ಲ. ನನ್ನ ಮಂಡಿ, ನನ್ನ ಇಷ್ಟ."

ಮೂರು ಹೊಡೆಯಿತು. ಮೂರೂಕಾಲಾಯಿತು. ಅವಳು ಬಾಗಿಲಿನ ಕಡೆ ನೋಡಬಾರದೆಂದು ನೆಲದ ಹಾಸುಗಲ್ಲು ಎಣಿಸುತ್ತ ಕೂತಳು. ಬೆಂಚು ಬದಲಾಗಿ ಸೋಫಾ ಬಂದಿತ್ತು, ಅಷ್ಟೇ.

ಮೂರೂವರೆಗೆ ಅವಳು ಬ್ಯಾಗು ಎತ್ತಿಕೊಂಡಳು. ಆಗಲೇ ಹೊರಗೆ ಚಕ್ರಗಳು ಕಿರುಗುಟ್ಟಿದವು. ಜೊತೆಗೆ ಝಣ್ ಝಣ್ ಎಂಬ ಸದ್ದು. ಕೀಲಿಗೊಂಚಲು!

ಬಾಗಿಲಲ್ಲಿ ಬೆವರಿ ಒದ್ದೆಯಾದ ಒಬ್ಬ ಎತ್ತರದ ಆಳು. ಸೊಂಟದಲ್ಲಿ ಕೀಲಿಗಳು. ಕೈಯಲ್ಲಿ ಖಾಲಿ ಗಾಲಿಕುರ್ಚಿ. ಮುಖ ಮಾತ್ರ ಏನನ್ನೋ ಕಳೆದುಕೊಂಡವನದು.

"ಅಕ್ಕಾ, ಯಾರಾದ್ರೂ ಫೋನ್ ಮಾಡಿದ್ರಾ?" ಕೌಂಟರಿನತ್ತ ಕೇಳುತ್ತಲೇ ಬಂದ. "ಮೂರು ಗಂಟೆ ಬಸ್ಸಿಂದ ಇಳಿದ ಒಬ್ಬೊಬ್ಬರ ನಡಿಗೇನೂ ನೋಡಿದೆ. ಬರಲೇ ಇಲ್ಲ ಅಕ್ಕ... ಅವರು ಬರಲೇ ಇಲ್ಲ..."

ಆ ದನಿ! ಅವಳ ಕೈಯಿಂದ ಬ್ಯಾಗು ಜಾರಿತು.

ಅವನು ತಿರುಗಿದ. ಅವಳನ್ನು ನೋಡಿದ. ಮಂಡಿ ನೀವಿಕೊಳ್ಳುತ್ತ ಕೂತಿದ್ದ ಅಮ್ಮನನ್ನು ನೋಡಿದ. ಅವನ ಮುಖ ಅರಳಿತು.

"ಪ್ರಶ್ನೆ ಮೇಡಂ?!"

ಅವಳಿಗೂ ಜೀವ ಬಂದ ಹಾಗಾಯಿತು ನಿಜ. ಆದರೆ ಒಂದು ಗಂಟೆಯ ಅವಮಾನ ಇನ್ನೂ ಬಿಸಿಯಾಗಿಯೇ ಇತ್ತು.

"ನಿಮ್ಮ ರೂಮು ಸೋರ್ತಿದೆಯಂತೆ," ಎಂದಳು.

ಅವನ ನಗು ಅರ್ಧಕ್ಕೇ ನಿಂತಿತು. ಮ್ಯಾನೇಜರಮ್ಮನ ಕಡೆ ನೋಡಿದ.

"...ಸೋರ್ತಿಲ್ಲ."

"ಏನಂದೆ?" ಮ್ಯಾನೇಜರಮ್ಮ ಎದ್ದೇ ನಿಂತರು. "ಪ್ಲಂಬರು ಎರಡು ಸಲ ಬಂದು ಹೋಗಿದ್ದಾನಲ್ಲೋ!"

"ಅಕ್ಕ, ಬೈಯೋದಿದ್ರೆ ಆಮೇಲೆ ಬೈಯಿರಿ. ನಮ್ಮಲ್ಲಿ ಬುಕಿಂಗ್ ಅನ್ನೋದಕ್ಕೆ ಬೆಲೆ ಎಲ್ಲಿದೆ? ಇರೋದಕ್ಕಿಂತ ಹೆಚ್ಚು ರೂಮಿಗೆ ಓನರು ಬುಕಿಂಗ್ ಒಪ್ಕೊಳ್ತಾರೆ, ಮೊದಲು ಬಂದವರಿಗೆ ಕೀಲಿ. ಹೆಸರು ಬರೆದಿಟ್ಟಿದ್ರೆ ಇಷ್ಟೊತ್ತಿಗೆ ಮುನ್ನೂರ ಎರಡರಲ್ಲಿ ವಾಲಿಬಾಲ್ ಟೀಮಿನ ಅರ್ಧ ಜನ ಇರ್ತಿದ್ರು. ರಿಪೇರಿ ಅಂತ ಹಾಕಿದ ರೂಮಿಗೆ ಮಾತ್ರ ಯಾರೂ ಕೈ ಹಾಕಲ್ಲ. ಅದಕ್ಕೆ ಹಾಕಿದೆ. ಇವರು ಬಂದ ಕೂಡಲೇ ತೆಗೆಯೋಣ ಅಂತಿದ್ದೆ."

"ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು?" ಅವಳು ಅವನೆದುರು ಬಂದು ನಿಂತಳು. "ಮೂರು ವಾರ ಮಾತಾಡಿದ್ರಲ್ಲ!"

"ಹೇಳಿದ್ರೆ ಬರ್ತಿದ್ರಾ? ಬುಕಿಂಗಿಗೆ ಬೆಲೆ ಇಲ್ಲದ ಹೋಟೆಲಿಗೆ ನೀವು ಅಮ್ಮನ್ನ ಕರ್ಕೊಂಡು ಬರ್ತಿದ್ರಾ?"

ಬರುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಮತ್ತೆ ಆ ಕಾರ್ಡು?" ಬೆರಳು ತೋರಿಸಿದಳು. "ದಾರಿ ಕಾಯ್ತಾ ಇರ್ತೀವಿ ಅಂದದ್ದು? ಅದು ಎಲ್ಲರಿಗೂ ಹೇಳೋದಂತಲ್ಲ!"

"ಹೌದು. ಎಲ್ಲರಿಗೂ ಹೇಳ್ತೀನಿ." ಅವನು ಕಣ್ಣು ತಪ್ಪಿಸಲಿಲ್ಲ. "ಆರು ವರ್ಷದಿಂದ ಹೇಳ್ತಿದ್ದೀನಿ. ಹೋಗಿ ನಿಜವಾಗ್ಲೂ ಕಾದದ್ದು ಇವತ್ತೇ ಮೊದಲು."

 ಮ್ಯಾನೇಜರಮ್ಮ ಡ್ರಾಯರಿನಿಂದ ಮರದ ಬಿಲ್ಲೆ ಕಟ್ಟಿದ ಕೀಲಿ ತೆಗೆದು ಕೌಂಟರಿನ ಮೇಲೆ ಕುಕ್ಕಿದರು.

"ಮೊದಲು ಆ ಅಮ್ಮನ್ನ ಮೇಲೆ ಕರ್ಕೊಂಡು ಹೋಗು. ಆಮೇಲೆ ಇದೆ ನಿನಗೆ! ಇನ್ನೊಂದು ತಿಂಗಳು ಬೆಳಗಿನ ಪಾಳಿ ನಿಂದೇ."

ಗಾಲಿಕುರ್ಚಿಯಲ್ಲಿ ಅಮ್ಮ ಮಹಾರಾಣಿಯ ಹಾಗೆ ಕೂತಳು. ಎರಡು ಮೆಟ್ಟಿಲು, ಲಿಫ್ಟು, ಎಡಕ್ಕೆ ಹನ್ನೊಂದು ಹೆಜ್ಜೆ. ಫೋನಿನಲ್ಲಿ ಅವನು ಹೇಳಿದ್ದೆಲ್ಲ ಹೇಳಿದ ಹಾಗೆಯೇ ಇತ್ತು.

ಬಾಗಿಲು ತೆರೆದಾಗ ಅವಳು ಮೊದಲು ನೋಡಿದ್ದು ಮಂಚವನ್ನು. ನಾಲ್ಕೂ ಕಾಲಿನ ಕೆಳಗೆ ಹೊಸದಾಗಿ ಕತ್ತರಿಸಿದ ಮರದ ತುಂಡುಗಳು!

"ಹದಿನಾರು ಇಂಚು ಸಾಲದು, ಇಪ್ಪತ್ತಾದ್ರೂ ಬೇಕು ಅಂದಿದ್ರಲ್ಲ," ಎಂದ. "ನಾಲ್ಕು ಇಂಚು ಬಡಗಿ ಹತ್ರ ಹಾಕಿಸಿದೆ."

ಬಾತ್‌ರೂಮಿನ ಗೋಡೆಯಲ್ಲಿ ಹಿಡಿದುಕೊಂಡು ಏಳಲು ಹೊಳೆಯುವ ಸ್ಟೀಲಿನ ಸರಳು. ಸುತ್ತ ಸಿಮೆಂಟು ಇನ್ನೂ ಹೊಸದು. ಪ್ಲಂಬರು ಎರಡು ಸಲ ಬಂದದ್ದು ಯಾತಕ್ಕೆಂದು ಅವಳಿಗೆ ಆಗ ಅರ್ಥವಾಯಿತು.

ಅಮ್ಮ ಮಲಗಿದಳು. ಅವನು ಪರದೆ ಸರಿಸಿದ. ನೀಲಿ ಪರದೆ, ಕೇಳಿದ್ದಕ್ಕೆ ಅವನು ಹೇಳಿದ್ದ ಅದೇ ನೀಲಿ.

"ಅಯ್ಯೋ..." ಅಮ್ಮ ದಿಂಬಿನಿಂದ ತಲೆ ಎತ್ತದೆಯೇ ಅಂದಳು. "ಇಷ್ಟೊಂದು ಇದೆಯೇನೇ ಅದು!"

ಆಮೇಲೆ ಅಮ್ಮ ನೋಡುತ್ತಲೇ ಇದ್ದಳು.

ಮಗಳು ಬಾಗಿಲ ಹೊರಗೆ ಬಂದು ಗೋಡೆಗೆ ಒರಗಿ ಅತ್ತಳು. ಒಂದು ಗಂಟೆಯದೂ ಎರಡು ವರ್ಷದ್ದೂ ಸೇರಿಸಿ ಅತ್ತಳು. ಹಿಂದೆಯೇ ಬಂದ ಅವನು ಏನು ಮಾಡಬೇಕೆಂದು ತಿಳಿಯದೆ ಕೀಲಿಗಳನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು ನಿಂತ.

"ನಾನೂ ಸುಳ್ಳು ಹೇಳಿದ್ದೆ," ಎಂದಳು ಕೊನೆಗೆ. "ನಾವು ಎರಡಕ್ಕೇ ಬಂದಿದ್ವಿ. ಮೂರು ಅಂತ ಹೇಳಿದ್ದೆ."

"ಯಾಕೆ?"

"ನನಗೋಸ್ಕರ ಯಾರೂ ಬಂದಿಲ್ಲ ಅನ್ನೋದನ್ನ... ಇನ್ನೊಂದು ಸಲ ನೋಡೋ ಶಕ್ತಿ ಇರಲಿಲ್ಲ."



"ನಾನು ಎರಡೂವರೆಗೇ ಬಸ್ ಸ್ಟ್ಯಾಂಡಲ್ಲಿದ್ದೆ," ಎಂದ ಮೆಲ್ಲಗೆ. "ನೀವು ಬರಲ್ಲ ಅಂದ್ಕೊಂಡಾಗ ಆ ಖಾಲಿ ಕುರ್ಚಿ ತಳ್ಕೊಂಡು ವಾಪಸ್ ಬರೋದು... ಕಷ್ಟ ಆಯ್ತು ರೀ. ರೂಮಿಗೋಸ್ಕರ ಅಲ್ಲ. ನಿಮಗೋಸ್ಕರ. ಮುಖ ನೋಡದೇನೇ ಇಷ್ಟಪಟ್ಟುಬಿಟ್ಟಿದ್ದೀನಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಉತ್ತರ ಕೊಡಲು ಬಾಯಿ ಬರಲಿಲ್ಲ. ಪ್ರಶ್ನೆ ಕೇಳುವುದು ಮಾತ್ರ ಬರುತ್ತಿತ್ತು.

"ಇನ್ನೊಂದು ಪ್ರಶ್ನೆ ಇದೆ."

"ಕೇಳಿ ಮೇಡಂ."

"ನಾಳೆ ಕೆಲಸ ಮುಗಿದ ಮೇಲೆ... ದಂಡೆ ತನಕ ನನ್ನ ಜೊತೆ ಬರ್ತೀರಾ?"

"ಎಷ್ಟು ಗಂಟೆಗೆ?"

"ಆರಕ್ಕೆ."

"ನಿಜವಾದ ಆರಾ?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ನಿಜವಾದ ಆರು. ಐದಕ್ಕೇ ಬಂದು ನಿಂತ್ಕೋಬೇಡಿ ಮತ್ತೆ."

"ನಿಂತ್ಕೊಂಡ್ರೆ?"

"ನಿಂತ್ಕೊಂಡ್ರೆ..." ಅವಳು ಅವನ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿದಳು. ಕೀಲಿಗಳು ಝಣ್ಣೆಂದವು. "ನಾನೂ ಅಲ್ಲೇ ಇರ್ತೀನಿ."