ಏಳು ದನಿಯ ತೋಳ

ಬಂದೂಕಿನ ನಳಿಗೆ ನನ್ನ ಮೂಗಿನ ತುದಿಗೆ ಬಂದು ನಿಂತಿತ್ತು.

"ಊಳಿಡು!" ಎಂದ ಬಂದೂಕಿನವನು.

"ಏನು?"

"ಕಿವಿ ಕೇಳ್ಸಲ್ವಾ? ತೋಳದ ಥರ ಊಳಿಡು! ಇಲ್ಲಾಂದ್ರೆ ಸುಟ್ಟುಬಿಡ್ತೀನಿ!"

ನಗಬೇಡಿ. ಓಡಿಹೋದ ಗಂಡಂದಿರನ್ನು, ಕಳುವಾದ ಕಾರುಗಳನ್ನು ಹುಡುಕಿಕೊಡುವ ಪ್ರೈವೇಟ್ ಡಿಟೆಕ್ಟಿವ್ ನಾನು. ನನಗೆ ಬಂದೂಕು ಹೊಸದಲ್ಲ. "ಫೈಲ್ ಕೊಡು", "ಕೈ ಎತ್ತು", "ಬಾಯಿ ಮುಚ್ಚು"... ಎಲ್ಲ ಕೇಳಿದ್ದೇನೆ. ಊಳಿಡು ಎಂದವನು ಇವನೊಬ್ಬನೇ!

ಬೆಳಿಗ್ಗೆ ಒಂಬತ್ತು ಗಂಟೆ. ಉತ್ತರದ ಬೆಟ್ಟದ ನೆತ್ತಿ. ಚಳಿಗೆ ಬೂದು ಕಂಬಳಿ ಹೊದ್ದು ಪೊದೆಯೊಳಗೆ ಅಂಬೆಗಾಲಿಡುತ್ತಿದ್ದಾಗ ಸಿಕ್ಕಿಬಿದ್ದಿದ್ದೆ. ನನ್ನನ್ನು ಅಲ್ಲಿಗೆ ಅಟ್ಟಿದವಳು ನನ್ನ ಸ್ವಂತ ಅಕ್ಕ.

ಅಕ್ಕನ ಕೆಲಸ ತೋಳ ಎಣಿಸುವುದು. ಮೂವತ್ತು ವರ್ಷದ ಹಿಂದೆ ಈ ಬೆಟ್ಟಗಳಲ್ಲಿ ತೋಳಗಳು ನಿರ್ನಾಮವಾಗಿದ್ದವು. ಈಗ ಮರಳಿ ಬರುತ್ತಿವೆ ಎಂಬುದು ಅವಳ ನಂಬಿಕೆ. ದಿನಾ ಬೆಳಗ್ಗೆ ದಕ್ಷಿಣದ ಬೆಟ್ಟ ಹತ್ತಿ ತಾನೇ ಊಳಿಡುತ್ತಾಳೆ. ಎದುರಿನಿಂದ ಎಷ್ಟು ದನಿ ಬಂತೋ ಅಷ್ಟು ತೋಳ. ಅವಳ ನೋಟ್‌ಬುಕ್ಕಿನಲ್ಲಿ ಒಂದು ವರ್ಷದಿಂದ ಏಳು ದನಿ!

ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ ಬೆಟ್ಟದ ಸಮಿತಿಯ ಮೀಟಿಂಗ್. ಕಾನೂನು ಚಿಕ್ಕದು. ಒಂದು ಗಂಡು, ಒಂದು ಹೆಣ್ಣು ತೋಳ ಅಲ್ಲಿ ಸಂಸಾರ ಹೂಡಿವೆ ಎಂದು ಸಾಬೀತಾದರೆ ಬೆಟ್ಟ ತೋಳಗಳದ್ದು. ಇಲ್ಲದಿದ್ದರೆ ಅಲ್ಲಿ ರೋಪ್‌ವೇ ಕಟ್ಟಲು ಹೊಂಚು ಹಾಕಿರುವ ಧಣಿಯದ್ದು.

"ಬರೀ ದನಿ ಸಾಲಲ್ಲ ಅಂತಾರೆ ಕಣೋ. ಒಂದೇ ಒಂದು ಫೋಟೋ ತಂದ್ಕೊಡು," ಎಂದಿದ್ದಳು ಅಕ್ಕ. ಯಾವತ್ತೂ ನನ್ನನ್ನು ಏನೂ ಕೇಳಿದವಳಲ್ಲ. ಹೇಗೆ ಇಲ್ಲ ಎನ್ನಲಿ?

ಫೋಟೋ ತೆಗೆಯಬೇಕಿದ್ದ ಫೋನನ್ನು ಬಂದೂಕಿನವನು ಆಗಲೇ ಪ್ರಪಾತಕ್ಕೆ ಎಸೆದಿದ್ದ.

ಊಳಿಟ್ಟೆ.

ಅವನು ಮುಖ ಕಿವುಚಿದ. "ಥೂ! ಬಾಗಿಲ ಸಂದಿಗೆ ಬೆರಳು ಸಿಕ್ಕಿಸ್ಕೊಂಡೋರ ಥರ ಇದೆ. ನೀನಲ್ಲ ಬಿಡು."

"ಯಾರಲ್ಲ?"

"ಎದುರು ಬೆಟ್ಟದಲ್ಲಿ ದಿನಾ ಒಂದು ಒಂಟಿ ತೋಳ ಕೂಗುತ್ತೆ. ಅದು ಮನುಷ್ಯ ಇರಬಹುದು ಅಂತ ಧಣಿಗೆ ಅನುಮಾನ. ನಾನು ಧಣಿಯ ಕಾವಲುಗಾರ. ತೋಳ ಎಣಿಸೋಕೇ ನನ್ನ ಇಲ್ಲಿ ಇಟ್ಟಿರೋದು."

ಕಂಬಳಿ ಸರಿಸಿ ಎದ್ದು ಕೂತೆ.

"ಹೇಗೆ ಎಣಿಸ್ತೀಯ?"

"ನಾನು ಊಳಿಡ್ತೀನಿ. ಅದು ಉತ್ತರ ಕೊಡುತ್ತೆ!"

"ಒಂದ್ಸಲ ಊಳಿಡು ನೋಡೋಣ..."

ಬಂದೂಕನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈ ಬಾಯಿಗಿಟ್ಟುಕೊಂಡ. ಮೊದಲು ಮುದಿ ಗಂಡು. ಆಮೇಲೆ ಹೆಣ್ಣು. ಆಮೇಲೆ ಮರಿಗಳು, ಒಂದರ ಮೇಲೊಂದು... ಎಲ್ಲ ಒಂದೇ ಗಂಟಲಿನಿಂದ! ಎಣಿಸಿದೆ.

ಏಳು!

"ಮೊದ್ಲು ಮಿಮಿಕ್ರಿ ಆರ್ಟಿಸ್ಟ್ ಆಗಿದ್ದೆ," ಎಂದ ನಾಚಿಕೊಂಡು.

ಅಯ್ಯೋ ಅಕ್ಕಾ! ಒಂದು ವರ್ಷ ಅವಳು ಇವನನ್ನು ಎಣಿಸಿದ್ದಳು. ಇವನು ಅವಳನ್ನು ಎಣಿಸಿದ್ದ!

"ಅದು ತೋಳ ಅಲ್ಲಯ್ಯಾ. ನಮ್ಮಕ್ಕ!" ಎಂದುಬಿಟ್ಟೆ. ಡಿಟೆಕ್ಟಿವ್ ಆದವನು ಆಡಬಾರದ ಮಾತು.

ಅವನ ಮುಖ ಸಪ್ಪಗಾಯಿತು. "ಅಕ್ಕನಾ? ಪಾಪ... ಹೋದ ತಿಂಗಳು ಕೆಮ್ಮು ಜೋರಿತ್ತಲ್ಲ, ವಾಸಿಯಾಯ್ತಾ?"

ಅಷ್ಟರಲ್ಲಿ ಅವನ ಸೊಂಟದ ವಾಕಿಟಾಕಿ ನಕ್ಕಿತು. ಅದರ ಬಟನ್ ಅಲ್ಲಿಯವರೆಗೂ ಬೆಲ್ಟಿಗೆ ಸಿಕ್ಕಿ ಒತ್ತಿಕೊಂಡೇ ಇತ್ತು. ಧಣಿ ಎಲ್ಲ ಕೇಳಿಸಿಕೊಂಡಿದ್ದ!

"ಅಂದ್ರೆ ಬೆಟ್ಟದಲ್ಲಿ ತೋಳಾನೇ ಇಲ್ಲ! ಭೇಷ್! ಆ ತಮ್ಮನ್ನ ಕಟ್ಟಿ ಮೀಟಿಂಗಿಗೆ ತನ್ನಿ. ಅಕ್ಕನ ಬಂಡವಾಳಾನ ಅವನ ಬಾಯಿಂದಾನೇ ಬಯಲು ಮಾಡಿಸ್ತೀನಿ!"

ಕೆಳಗೆ ಜೀಪು ಗುರುಗುಟ್ಟಿತು. ಧಣಿಯ ಆಳುಗಳಿಬ್ಬರು ಇಳಿದರು. ಒಬ್ಬ ಗಡ್ಡ. ಇನ್ನೊಬ್ಬ ಬೋಳ. ಕೈಯಲ್ಲಿ ಹಗ್ಗ.

ಕಾಲಿಗೆ ಬುದ್ಧಿ ಹೇಳಿದೆ!

ಬಂಡೆ ಹಾರಿದೆ. ಪೊದೆ ಹಾರಿದೆ. ಮೂರನೆಯ ಸಲ ಹಾರಿದಾಗ ಕೆಳಗೆ ನೆಲವೇ ಇರಲಿಲ್ಲ! ಜಾರಿದೆ, ಉರುಳಿದೆ... ಯಾವುದೋ ಬಂಡೆಯ ಪೊಟರೆಗೆ ಹಿಂಬದಿ ಮುಂದಾಗಿ ನುಗ್ಗಿ ಸಿಕ್ಕಿಕೊಂಡೆ. ತಲೆ, ಕಾಲು ಹೊರಗೆ. ಉಳಿದದ್ದು ಒಳಗೆ.

ಒಳಗೆ ಏನೋ ಕುಂಯ್‌ಗುಟ್ಟಿತು. ಬೆಚ್ಚಗೆ, ಮೆತ್ತಗೆ. ಒಂದಲ್ಲ... ನಾಲ್ಕೈದು.

ಆಮೇಲೆ ಗುರ್ ಎಂಬ ಸದ್ದು.

ಎಡಕ್ಕೆ ಒಂದು ಬಾಯಿ! ಬಲಕ್ಕೆ ಇನ್ನೊಂದು!

ಬಾಟಲಿಯ ಬಿರಡೆಯಂತೆ ಹೊರಗೆ ಚಿಮ್ಮಿದೆ. ಬೆನ್ನ ಹಿಂದೆ ಎರಡು ತೋಳ! ಗಡ್ಡ ನೋಡಿದ. ಬೋಳ ನೋಡಿದ. ಹಗ್ಗ, ಜೀಪು ಎಲ್ಲ ಬಿಟ್ಟು ಇಬ್ಬರೂ ಪರಾರಿ! ತೋಳಗಳು ಹತ್ತು ಮಾರು ಬಂದು ನಿಂತವು. ನನ್ನನ್ನು ದುರುಗುಟ್ಟಿ ನೋಡಿ ಮರಿಗಳ ಬಳಿಗೆ ಹಿಂದಿರುಗಿದವು. ಉರಿಯುವ ನೋವಿನಲ್ಲೂ ನನಗೆ ಕುಣಿಯುವಷ್ಟು ಖುಷಿ. ಅಕ್ಕನ ತೋಳಗಳು ನಿಜವಾಗಿಯೂ ಮರಳಿ ಬಂದಿದ್ದವು!

ಕಾವಲುಗಾರ ಏದುಸಿರು ಬಿಡುತ್ತಾ ಬಂದ. "ಇಷ್ಟು ದಿನ ಇವು ಯಾಕೆ ಕೂಗ್ಲಿಲ್ಲ?"

"ನೀವಿಬ್ರು ಬಾಯಿ ಮುಚ್ಚಿದ್ರೆ ತಾನೇ! ಈ ಕಡೆ ಏಳು, ಆ ಕಡೆ ಒಂದು. ಮರಿ ಇಟ್ಕೊಂಡಿರೋ ಪ್ರಾಣಿ ಕೂಗಿ ತಂಟೆ ತಂದ್ಕೊಳ್ಳುತ್ತಾ? ಜೀಪು ತೆಗಿ!"

"ಧಣಿ ನನ್ನ ಕೆಲಸದಿಂದ ಕಿತ್ತಾಕ್ತಾನೆ..." ಜೀಪಿನತ್ತ ಹೆಜ್ಜೆ ಹಾಕಿದ. "ಕಿತ್ತಾಕ್ಲಿ! ನಿಮ್ಮಕ್ಕನ ಹತ್ರ ಕ್ಷಮೆ ಕೇಳ್ಬೇಕು ನಾನು."

ದಾರಿಯುದ್ದಕ್ಕೂ ಜೀಪಿನಲ್ಲಿ ನಿಂತೇ ಬಂದೆ. ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಸಮಿತಿಯ ಕೋಣೆ. ಉದ್ದನೆಯ ಮೇಜು, ನೀರಿನ ಲೋಟಗಳು, ನಡುವೆ ದಾರಕ್ಕೆ ಪೋಣಿಸಿದ ಪುಟ್ಟ ಪುಟ್ಟ ರೋಪ್‌ವೇ ಡಬ್ಬಿಗಳ ಮಾಡೆಲ್. ಧಣಿ ಮೀಸೆಯಡಿ ನಗುತ್ತಿದ್ದ. ಗೋಡೆ ಪಕ್ಕ ಅಕ್ಕ.

"ಫೋಟೋ?" ಎಂದಳು ಮೆಲ್ಲಗೆ.

ಇಲ್ಲವೆಂದು ತಲೆಯಾಡಿಸಿದೆ. ನಡೆದದ್ದಷ್ಟನ್ನೂ ಅವಳ ಕಿವಿಯಲ್ಲಿ ಹೇಳಿದೆ. ಅವಳ ಮುಖ ಬಿಳಿಚಿತು. ಆದರೂ ಎದ್ದು ನಿಂತಳು. ಸುಳ್ಳು ಅವಳಿಗೆ ಬರುವುದಿಲ್ಲ.

"ನನ್ನ ನೋಟ್‌ಬುಕ್ಕಿನ ಏಳು ತೋಳ ತಪ್ಪು. ಅವು... ಇವರು."

ಕಾವಲುಗಾರ ಕೈಮುಗಿದ.

"ಕೇಳಿದ್ರಾ!" ಧಣಿ ಮೇಜು ಕುಟ್ಟಿದ. ಡಬ್ಬಿಗಳೆಲ್ಲ ತೂಗಾಡಿದವು.

"ಆದ್ರೆ ಜೋಡಿ ಇದೆ," ಎಂದಳು ಅಕ್ಕ.

"ಸಾಕ್ಷಿ?" ಕೇಳಿದಳು ಅಧ್ಯಕ್ಷೆ.

ಅಕ್ಕ ನನ್ನ ಕಡೆ ನೋಡಿದಳು.

"ಬೇಡ ಅಕ್ಕಾ... ಮಾನ ಹೋಗುತ್ತೆ!"

"ತಿರುಗೋ."

ತಿರುಗಿದೆ.

ಪೊಟರೆಯ ಕಥೆಯನ್ನು ಅಕ್ಕ ಹೇಳುತ್ತಿದ್ದಂತೆ ನನ್ನನ್ನು ಮೇಜಿನ ಮೇಲೆ ಬೋರಲು ಮಲಗಿಸಿದರು. ಸಮಿತಿಯ ಪಶುವೈದ್ಯ ಸ್ಕೇಲು ಹಿಡಿದು ಅಳೆದ. ಹರಿದ ಪ್ಯಾಂಟಿನಿಂದ ಚಿಮಟದಲ್ಲಿ ಬೂದು ಕೂದಲು ತೆಗೆದ.

"ಅದು ನಾಯಿ ಕಚ್ಚಿರೋದು!" ಧಣಿ ಕಿರುಚಿದ.

"ಇಷ್ಟು ಅಗಲದ ದವಡೆ ನಮ್ಮೂರ ಯಾವ ನಾಯಿಗೂ ಇಲ್ಲ ಸ್ವಾಮಿ. ಕೂದಲೂ ತೋಳದ್ದೇ. ಬಲಗಡೆ ದೊಡ್ಡ ಬಾಯಿ, ಗಂಡು. ಎಡಗಡೆ ಚಿಕ್ಕದು, ಹೆಣ್ಣು. ಎರಡೂ ಒಂದೇ ಗೂಡಲ್ಲಿ, ಒಂದೇ ಹೊತ್ತಿಗೆ..." ವೈದ್ಯ ತಲೆ ಎತ್ತಿದ. "ಅಧ್ಯಕ್ಷರೇ, ಜೋಡಿ!"

ಠಕ್ ಎಂದು ಸೀಲು ಬಿತ್ತು. ಬೆಟ್ಟ ತೋಳಗಳದ್ದಾಯಿತು. ಅಕ್ಕ ಗಳಗಳನೆ ಅತ್ತಳು, ನನ್ನ ತಲೆ ಸವರಿದಳು. ಹಾಗೇ ಮಲಗಿದ್ದ ನನಗೂ ಅಳು ಬಂತು.

ಆಮೇಲೆ ಐದು ಇಂಜೆಕ್ಷನ್ ಚುಚ್ಚಿಸಿಕೊಂಡೆ. ಸಮಿತಿಯ ಕಚೇರಿಗೆ ಯಾವತ್ತಾದರೂ ಹೋಗಿ ನೋಡಿ. "ತೋಳಗಳು ಮರಳಿದ್ದಕ್ಕೆ ಮೊದಲ ಪುರಾವೆ" ಎಂದು ಗೋಡೆಯ ಮೇಲೆ ಆಳೆತ್ತರದ ಕಲರ್ ಫೋಟೋ ಹಾಕಿದ್ದಾರೆ.

ಪುಣ್ಯಕ್ಕೆ... ಮುಖ ಬಂದಿಲ್ಲ!