ಚಾಂಪಿಯನ್ ಸಹಿಯ ಚೆಂಡು

"ಮುಟ್ಟಬೇಡ್ರೋ! ಬಾಕ್ಸ್ ಮೇಲೆ ಬೆರಳಿನ ಗುರುತು ಬಿದ್ರೂ ಬೆಲೆ ಇಳಿಯುತ್ತಂತೆ!" ಚಿನಕುರಳಿ ಕೂಗಿದಳು.

ತಂಡದವರು ಚಾಚಿದ ಕೈಗಳನ್ನು ಹಿಂದಕ್ಕೆ ಎಳೆದುಕೊಂಡರು. ಹೊಳೆಯುವ ಪ್ಲಾಸ್ಟಿಕ್ ಬಾಕ್ಸು, ಅದರೊಳಗೊಂದು ಚೆಂಡು. ಚೆಂಡಿನ ಮೇಲೆ ಬಂಗಾರದ ಬಣ್ಣದಲ್ಲಿ ಚಾಂಪಿಯನ್ ಆಟಗಾರನ ಸಹಿ.

ಅವರ ಹಳೆಯ ಫುಟ್‌ಬಾಲ್ ಹೋದ ವಾರ ಮುಳ್ಳುತಂತಿಗೆ ಸಿಕ್ಕಿ ಪ್ರಾಣ ಬಿಟ್ಟಿತ್ತು. ಭಾನುವಾರ ಪಕ್ಕದ ಬೀದಿಯವರೊಂದಿಗೆ ಮ್ಯಾಚು. ಎಲ್ಲರೂ ದುಡ್ಡು ಕೂಡಿಸಿ, ಹೊಸ ಬಾಲ್ ತರಲು ಕ್ಯಾಪ್ಟನ್ ಚಿನಕುರಳಿಯನ್ನೇ ಕಳಿಸಿದ್ದರು. ಅವಳನ್ನು ಕಂಡ ಅಂಗಡಿಯವನಿಗೆ, ಕುರಿ ತಾನಾಗಿಯೇ ಬಂತೆಂದು ಖುಷಿಯಾಗಿರಬೇಕು.

"ಆಡೋ ಬಾಲ್ ಯಾರ ಹತ್ರ ಇಲ್ಲ ಹೇಳು, ಪುಟ್ಟಿ? ಇದು ಲಿಮಿಟೆಡ್ ಎಡಿಷನ್! ನಿನ್ನಂಥೋರಿಗೇ ಅಂತ ಎತ್ತಿಟ್ಟಿದ್ದೆ," ಎಂದಿದ್ದ.

ಅವಳಂಥವರು ಬಹಳ ಜನ ಇದ್ದರೆಂದು ಕಾಣುತ್ತದೆ. ಅವನ ಬೆನ್ನ ಹಿಂದೆ ಅದೇ ಬಾಕ್ಸುಗಳನ್ನು ನೆಲದಿಂದ ಸೂರಿನವರೆಗೆ ಪೇರಿಸಲಾಗಿತ್ತು.

"ಅವ್ರೇ ಸಹಿ ಮಾಡಿದ್ದಾ, ಅಂಕಲ್?"

"ಸಹಿ ಅವ್ರದ್ದೇ. ಹಾಕಿದ್ದು ಮೆಷಿನ್, ಅಷ್ಟೆ."

ಅಷ್ಟೆ ಎಂದ ಮೇಲೆ ಇನ್ನೇನು ಕೇಳುವುದು? ಚಿನಕುರಳಿ ಬಾಕ್ಸನ್ನು ಎಳೆಗೂಸಿನಂತೆ ಎತ್ತಿಕೊಂಡು ಬಂದಿದ್ದಳು.

"ಸರಿ, ಆಡೋದು ಯಾವಾಗ?" ಗೋಲ್‌ಕೀಪರ್ ಗುಂಡ ಕೇಳಿದ.

"ಆಡೋಕಲ್ಲ ಕಣೋ, ಇಟ್ಕೊಳ್ಳೋಕೆ. ವರ್ಷ ಹೋದ ಹಾಗೆ ಬೆಲೆ ಏರುತ್ತೆ."

"ಹಾಗಾದ್ರೆ ಭಾನುವಾರ ಏನು ಒದೀತೀಯ, ಬೆಲೆನಾ?"

ಯಾರೂ ನಗಲಿಲ್ಲ. ಗುಂಡ ಗ್ಲೌಸಿಗೆಂದು ಕೂಡಿಟ್ಟಿದ್ದ ದುಡ್ಡೂ ಆ ಬಾಕ್ಸಿಗೇ ಹೋಗಿತ್ತು. ಚಿನಕುರಳಿ ಬಾಕ್ಸಿನ ಟೇಪನ್ನು ಪರಪರ ಕಿತ್ತಳು. ಚೆಂಡನ್ನು ನೆಲಕ್ಕಿಟ್ಟು ಜೋರಾಗಿ ಒದ್ದಳು.

ಚೆಂಡು ಹಾರಲಿಲ್ಲ. ಪಟಕ್ಕೆಂದು ಅದರ ಹೊಟ್ಟೆ ಒಳಕ್ಕೆ ಹೋಯಿತು. ಸಹಿಗೆ ಮಾತ್ರ ಏನೂ ಆಗಿರಲಿಲ್ಲ.

'ಬಾಕ್ಸ್ ಬಿಚ್ಚಿದ್ರೆ ವಾಪಸ್ ಇಲ್ಲ' ಎಂದು ಅಂಗಡಿಯವನು ಮೊದಲೇ ಹೇಳಿದ್ದ. ಪಾಪ, ಅದೊಂದನ್ನು ನಿಜವೇ ಹೇಳಿದ್ದ.

"ಪಕ್ಕದ ಬೀದಿಯವರ ಬಾಲಲ್ಲೇ ಮ್ಯಾಚ್ ಆಡೋಣ. ನಾನೇ ಹೋಗಿ ಕೇಳ್ತೀನಿ," ಎಂದಳು. ಆದರೆ ಕಾಲೆಳೆಯುತ್ತಲೇ ಹೊರಟಳು. ಅವರ ಕ್ಯಾಪ್ಟನ್ ದೊಡ್ಡ ಬಾಯಿಬಡುಕ. ವಿಷಯ ಗೊತ್ತಾದರೆ ವರ್ಷಪೂರ್ತಿ ಆಡಿಕೊಳ್ಳುತ್ತಾನೆ.

ಬಾಯಿಬಡುಕ ತನ್ನ ಬೀದಿಯ ಕಟ್ಟೆಯ ಮೇಲೆ ಕುಳಿತಿದ್ದ. ತೊಡೆಯ ಮೇಲೆ ಅದೇ ಬಾಕ್ಸು. ಸುತ್ತ ಇದ್ದ ಹುಡುಗರು ಯಾರೂ ಅವನೊಂದಿಗೆ ಮಾತಾಡುತ್ತಿರಲಿಲ್ಲ.

"ಏ, ಮುಟ್ಟಬೇಡ! ಲಿಮಿಟೆಡ್ ಎಡಿಷನ್," ಎಂದ. ಆಮೇಲೆ ದನಿ ಇಳಿಯಿತು. "ನಮ್ಮ ಬಾಲನ್ನ ಎಕ್ಸ್‌ಚೇಂಜ್‌ಗೆ ಕೊಟ್ಟು, ಮೇಲೆ ದುಡ್ಡೂ ಹಾಕಿ ತಂದೆ."

ಚಿನಕುರಳಿಗೆ ನಗು ತುಟಿಯವರೆಗೆ ಬಂತು. ಅವನ ಮುಖ ನೋಡಿದಳು, ನಗು ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿನ ಮುಂಚೆ ತಾನೂ ಹೀಗೇ ಕಾಣುತ್ತಿದ್ದಿರಬೇಕು.

ಅವನ ಪಕ್ಕದಲ್ಲಿ ಕೂತಳು.

"ಬಿಚ್ಚಿಲ್ಲ ತಾನೆ?" ಮೆಲ್ಲಗೆ ಕೇಳಿದಳು. "ಏಳು, ನಾನೂ ಜೊತೆಗೆ ಬರ್ತೀನಿ. ನಿಮ್ಮ ಬಾಲ್ ಆದ್ರೂ ವಾಪಸ್ ತರೋಣ."